ಒಪ್ಪಂದಕ್ಕೆ ಸಹಿ ಬಿದ್ದ ಮರುದಿನ

(ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ದೇಶದ ಒಂದು ಭಾಗ ‘ನಿಮ್ಮ ಸಹವಾಸ ಸಾಕು, ನಾವು ಬೇರೆ ಹೋಗುತ್ತೇವೆ’ ಎಂದು ಎದ್ದು ನಿಂತಾಗ ರಾಜಧಾನಿಯಲ್ಲಿ ಕೂತವರು ಏನು ಮಾಡುತ್ತಾರೆ ಎನ್ನುವುದು ಇವತ್ತಿನ ವಿಷಯ. ಸಾಮ, ದಾನ, ಭೇದ, ದಂಡ ಎಂದು ನಾಲ್ಕು ಮಾತಿನಲ್ಲಿ ಮುಗಿಸಬಹುದು. ಆದರೆ ಅಷ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ, ಏಕೆಂದರೆ ಹೆಚ್ಚುಕಡಿಮೆ ಎಲ್ಲ ಸರ್ಕಾರಗಳೂ ಈ ನಾಲ್ಕನ್ನೂ ಒಂದಲ್ಲ ಒಂದು ಹೊತ್ತಿನಲ್ಲಿ ಮಾಡಿವೆ. ಕೆಲವು ಕಡೆ ಬೆಂಕಿ ಆರಿತು, ಕೆಲವು ಕಡೆ ಬೂದಿಯ ಕೆಳಗೆ ಉಳಿಯಿತು. ಈ ವ್ಯತ್ಯಾಸ ಬಹುಮಟ್ಟಿಗೆ ಒಪ್ಪಂದಕ್ಕೆ ಸಹಿ ಬಿದ್ದ ಮರುದಿನದಿಂದ ಏನು ನಡೆಯಿತು ಎನ್ನುವುದರಲ್ಲಿದೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ಸುತ್ತಬೇಕು.

ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯಾದ ಹಣ ಬರಲಿಲ್ಲ ಎಂದು ಈ ಜಿಲ್ಲೆಯ ರೈತರು ಬೀದಿಗಿಳಿದರು. ಅದು ತಕರಾರು. ತನ್ನ ಪಾಲು ಕೇಳುವುದು. ಎರಡನೆಯದು, ಇದೇ ದುರ್ಗದಲ್ಲಿ ನೆಲೆಸಿದ್ದ ನಿಜಲಿಂಗಪ್ಪನವರಂಥವರು ಮಾಡಿದ್ದು: ದೇಶದೊಳಗೇ ಇದ್ದು ತಮ್ಮ ಭಾಷೆಯ ರಾಜ್ಯ ಕೇಳುವುದು. ಮೂರನೆಯದು, ಬೇರೆ ದೇಶವೇ ಬೇಕು ಎನ್ನುವುದು. ಕೇಂದ್ರ ಸರ್ಕಾರಗಳು ಮಾಡುವ ಮೊದಲ ತಪ್ಪು ಈ ಮೂರನ್ನೂ ಒಂದೇ ಕಣ್ಣಿನಿಂದ ನೋಡುವುದು. ತಕರಾರು ಹೇಳುವವನಿಗೆ ದೇಶದ್ರೋಹಿಯ ಪಟ್ಟ ಕಟ್ಟಿದರೆ, ಹತ್ತು ವರ್ಷದಲ್ಲಿ ಅವನ ಮಗ ಆ ಪಟ್ಟವನ್ನು ನಿಜ ಮಾಡಿಬಿಡುತ್ತಾನೆ. ಮಿಜೋರಾಂನಲ್ಲಿ ಹೆಚ್ಚುಕಡಿಮೆ ಇದೇ ಆಯಿತು, ಅದಕ್ಕೆ ಬರುತ್ತೇನೆ.

ಸರ್ಕಾರದ ಕೈಗೆ ಮೊದಲು ಸಿಗುವ ಆಯುಧ ಬಂದೂಕು ಎಂದು ನೀವು ಅಂದುಕೊಂಡಿರಬಹುದು. ಮೊದಲು ಸಿಗುವುದು ಸಮಿತಿ. ಭಾಷಾವಾರು ರಾಜ್ಯದ ವಿಷಯವನ್ನೇ ನೋಡಿ. 1948ರಲ್ಲಿ ಧಾರ್ ಆಯೋಗ ಬೇಡ ಎಂದಿತು. ಅದೇ ವರ್ಷದ ಕೊನೆಗೆ ಕಾಂಗ್ರೆಸ್ ನೇಮಿಸಿದ ಸಮಿತಿಯಲ್ಲಿ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದರು. ಅವರೂ 1949ರಲ್ಲಿ ಸದ್ಯಕ್ಕೆ ಬೇಡ ಎಂದರು. 1952ರ ಅಕ್ಟೋಬರ್ 19ರಂದು ಪೊಟ್ಟಿ ಶ್ರೀರಾಮುಲು ಉಪವಾಸ ಕೂತರು, 58ನೇ ದಿನ, ಡಿಸೆಂಬರ್ 15ರಂದು ತೀರಿಕೊಂಡರು. ಊರೂರಿನಲ್ಲಿ ಗಲಭೆ. ನಾಲ್ಕೇ ದಿನದಲ್ಲಿ ಪ್ರಧಾನಿ ಆಂಧ್ರ ರಾಜ್ಯ ಕೊಡುವುದಾಗಿ ಸಂಸತ್ತಿನಲ್ಲಿ ಹೇಳಿದರು. ಕೊಟ್ಟದ್ದು ಸರಿ. ಆದರೆ ಎರಡು ಸಮಿತಿ ಕೊಡದಿದ್ದದ್ದನ್ನು ಒಂದು ಹೆಣ ಮತ್ತು ನಾಲ್ಕು ದಿನದ ಗಲಭೆ ಕೊಡಿಸಿತು ಎನ್ನುವ ಪಾಠವನ್ನು ದೇಶವೆಲ್ಲ ಕಲಿತುಕೊಂಡಿತು. ಕಾಲಹರಣದ ದೊಡ್ಡ ನಷ್ಟ ಇದು. ಕೊನೆಗೆ ಕೊಡಲೇಬೇಕಾದದ್ದನ್ನು ತಡ ಮಾಡಿ ಕೊಟ್ಟರೆ, ಕೊಟ್ಟ ಹೆಸರೂ ಬರುವುದಿಲ್ಲ.

ಹಾಗೆಂದು ಎಲ್ಲ ವಿಳಂಬವೂ ಕೆಟ್ಟದ್ದಲ್ಲ. ಫಜಲ್ ಅಲಿ ಆಯೋಗ 1953ರ ಡಿಸೆಂಬರ್‌ನಲ್ಲಿ ನೇಮಕವಾಗಿ 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ಕ್ಕೆ ರಾಜ್ಯಗಳು ಬಂದವು. ಮೂರು ವರ್ಷದೊಳಗೆ ಕೆಲಸ ಮುಗಿಯಿತು. ಸಮಿತಿಗೆ ಗಡುವು ಇದೆಯೇ, ಅದರ ವರದಿಯನ್ನು ಜಾರಿ ಮಾಡುವ ಮನಸ್ಸಿದೆಯೇ ಎಂದು ಕೇಳಿಕೊಂಡರೆ ಸಮಿತಿಯ ಬಂಡವಾಳ ತಿಳಿಯುತ್ತದೆ.

ಎರಡನೆಯ ಆಯುಧ ಕಾನೂನು. ಇಲ್ಲಿ ನಮ್ಮ ನೆರೆಯ ತಮಿಳುನಾಡಿನ ಉದಾಹರಣೆಯನ್ನು ಬಿಡುವಂತಿಲ್ಲ. ಡಿಎಂಕೆ ಪಕ್ಷ ದ್ರಾವಿಡನಾಡು ಎಂಬ ಪ್ರತ್ಯೇಕ ದೇಶ ಕೇಳುತ್ತಿತ್ತು. 1962ರಲ್ಲಿ ಮದ್ರಾಸ್ ವಿಧಾನಸಭೆಯಲ್ಲಿ 50 ಸ್ಥಾನ ಗೆದ್ದಿತು. ಅದೇ ವರ್ಷ ಅಣ್ಣಾದೊರೈ ರಾಜ್ಯಸಭೆಯಲ್ಲೇ ಆ ಬೇಡಿಕೆ ಇಟ್ಟು ಮಾತಾಡಿದರು. ಕೇಂದ್ರ ಸರ್ಕಾರ ಆ ಪಕ್ಷವನ್ನು ನಿಷೇಧಿಸಲಿಲ್ಲ. 1963ರಲ್ಲಿ ಸಂವಿಧಾನದ 16ನೇ ತಿದ್ದುಪಡಿ ತಂದು ಎರಡು ಕೆಲಸ ಮಾಡಿತು. 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ದೇಶದ ಸಾರ್ವಭೌಮತೆ ಮತ್ತು ಅಖಂಡತೆಯ ಕಾರಣಕ್ಕೆ ನಿರ್ಬಂಧ ಹೇರಲು ಅವಕಾಶ ಮಾಡಿಕೊಂಡಿತು. ಜೊತೆಗೆ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬನೂ ಈ ಅಖಂಡತೆಯನ್ನು ಎತ್ತಿಹಿಡಿಯುತ್ತೇನೆ ಎಂದು ಪ್ರಮಾಣ ಮಾಡಬೇಕು ಎಂದಿತು.

ಈ ಪ್ರಮಾಣ ಇವತ್ತಿಗೂ ನಡೆಯುತ್ತಿದೆ. ಹೊಳಲ್ಕೆರೆಯಲ್ಲೋ ಜಗಳೂರಿನಲ್ಲೋ ಅಭ್ಯರ್ಥಿ ಮೆರವಣಿಗೆಯಲ್ಲಿ ಬಂದು, ಡೊಳ್ಳು ಹೊರಗೇ ಬಿಟ್ಟು, ಚುನಾವಣಾಧಿಕಾರಿಯ ಕೊಠಡಿಗೆ ಹೋಗಿ ನಾಮಪತ್ರ ಕೊಡುತ್ತಾನಲ್ಲ, ಫೋಟೊ ತೆಗೆಸಿಕೊಂಡ ಮೇಲೆ ಒಂದು ಹಾಳೆ ಹಿಡಿದು ಓದಿ ಸಹಿ ಹಾಕುತ್ತಾನೆ. ಅದೇ ಈ ಪ್ರಮಾಣ. ನಾಮಪತ್ರ ಕೊಟ್ಟ ನಂತರ, ಪರಿಶೀಲನೆಯ ದಿನಕ್ಕೆ ಮುಂಚೆ ಮುಗಿಸಿರಬೇಕು. ಇಲ್ಲದಿದ್ದರೆ ನಾಮಪತ್ರ ತಿರಸ್ಕೃತ. ಎಷ್ಟೋ ಪಕ್ಷೇತರರು ಈ ಒಂದು ಹಾಳೆಗೇ ಮುಗ್ಗರಿಸಿದ್ದಾರೆ. ಅರ್ಧ ನಿಮಿಷದ ಈ ಓದಿನ ಹಿಂದೆ ದ್ರಾವಿಡನಾಡಿನ ಚರಿತ್ರೆ ಇದೆ ಎಂದು ಓದುವವನಿಗೂ ಗೊತ್ತಿರುವುದಿಲ್ಲ.

1963ರಲ್ಲೇ ಡಿಎಂಕೆ ಆ ಬೇಡಿಕೆ ಕೈಬಿಟ್ಟಿತು. ಇದನ್ನು ಕಾನೂನಿನ ಗೆಲುವು ಎನ್ನುವವರಿದ್ದಾರೆ. ಪೂರ್ತಿ ಒಪ್ಪಲಾರೆ. 1962ರ ಚೀನಾ ಯುದ್ಧ ಹವೆಯನ್ನು ಬದಲಿಸಿತ್ತು. ಅದಕ್ಕಿಂತ ಮುಖ್ಯವಾಗಿ, ಬಾಗಿಲು ಎರಡೂ ಕಡೆ ಮುಚ್ಚಿರಲಿಲ್ಲ. ಬೇರೆ ದೇಶ ಕೇಳಿದರೆ ಚುನಾವಣೆ ಇಲ್ಲ. ಬಿಟ್ಟರೆ ಮುಖ್ಯಮಂತ್ರಿ ಕುರ್ಚಿಯೇ ಎಟುಕುವಷ್ಟು ಹತ್ತಿರ. ನಾಲ್ಕು ವರ್ಷದಲ್ಲಿ, 1967ರಲ್ಲಿ, ಅವರು ಅಧಿಕಾರಕ್ಕೆ ಬಂದೇಬಿಟ್ಟರು. 1969ರಲ್ಲಿ ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರೂ ಬಂತು. ಅಣ್ಣಾದೊರೈ ತಮ್ಮ ಜನರ ಮುಂದೆ ಹಿಡಿದು ತೋರಿಸಲು ಏನೋ ಒಂದು ಇತ್ತು ಎನ್ನುವುದನ್ನು ಗಮನದಲ್ಲಿಡಿ. ಎದುರಿನ ನಾಯಕ ಬರಿಗೈಯಲ್ಲಿ ಊರಿಗೆ ಮರಳಿದರೆ, ಅವನ ಜಾಗಕ್ಕೆ ಅವನಿಗಿಂತ ಬಿರುಸಿನವನು ಬರುತ್ತಾನೆ.

ಈಗ ಮಿಜೋರಾಂ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸರ್ಕಾರವೊಂದು ಮಾಡಬಹುದಾದ ಅತಿ ಕೆಟ್ಟದ್ದು ಮತ್ತು ಅತಿ ಒಳ್ಳೆಯದು ಎರಡೂ ಒಂದೇ ಗುಡ್ಡಗಾಡಿನಲ್ಲಿ ಇಪ್ಪತ್ತೇ ವರ್ಷದ ಅಂತರದಲ್ಲಿ ಆಗಿವೆ.

ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಹೂ ಬಿಡುತ್ತದೆ. ಬಿದಿರಕ್ಕಿ ತಿಂದು ಇಲಿಗಳು ಹೆಚ್ಚುತ್ತವೆ, ಬಿದಿರಕ್ಕಿ ಮುಗಿದ ಮೇಲೆ ಹೊಲಕ್ಕೆ, ಕಣಜಕ್ಕೆ ನುಗ್ಗುತ್ತವೆ. ಇದನ್ನು ಅವರು ಮೌತಾಮ್ ಎನ್ನುತ್ತಾರೆ. ಆಗ ಆ ಗುಡ್ಡಗಳು ಅಸ್ಸಾಮಿನ ಒಂದು ಜಿಲ್ಲೆ. 1958ರಲ್ಲೇ ಅಲ್ಲಿನ ಜಿಲ್ಲಾ ಮಂಡಳಿ ಮುಂಜಾಗ್ರತೆಗೆಂದು 15 ಲಕ್ಷ ರೂಪಾಯಿ ಕೇಳಿತು. ಗುಡ್ಡಗಾಡಿನವರ ಮೂಢನಂಬಿಕೆ ಎಂದು ಅಸ್ಸಾಂ ಸರ್ಕಾರ ಅದನ್ನು ತಳ್ಳಿಹಾಕಿತು. 1959ರಲ್ಲಿ ಬರ ಬಂತು. ಹಳ್ಳಿಹಳ್ಳಿಗೆ ಅಕ್ಕಿ ಹೊತ್ತು ಹಂಚಲು ಯುವಕರು ಕಟ್ಟಿಕೊಂಡ ಸಂಘಟನೆಯ ಹೆಸರು ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್. ಮುಂದಾಳು ಲಾಲ್‌ಡೆಂಗಾ. 1961ರಲ್ಲಿ ಹೆಸರಿನಿಂದ ‘ಫ್ಯಾಮಿನ್’ ಬಿದ್ದುಹೋಯಿತು, ಅದು ರಾಜಕೀಯ ಪಕ್ಷವಾಯಿತು. 1966ರ ಫೆಬ್ರುವರಿ ಕೊನೆಯ ರಾತ್ರಿ ಸರ್ಕಾರಿ ಖಜಾನೆ, ಅಸ್ಸಾಂ ರೈಫಲ್ಸ್ ಠಾಣೆಗಳ ಮೇಲೆ ಏಕಕಾಲಕ್ಕೆ ದಾಳಿ ಮಾಡಿ, ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿದರು. ಹದಿನೈದು ಲಕ್ಷದ ಅರ್ಜಿಯಿಂದ ಹೊರಟದ್ದು ಎಲ್ಲಿಗೆ ಬಂತು ನೋಡಿ.

ಉತ್ತರವಾಗಿ ಆ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಐಜಾಲ್ ಪಟ್ಟಣದ ಮೇಲೆ ದಾಳಿ ಮಾಡಿದವು. ದೇಶದೊಳಗಿನ ಜನರ ಮೇಲೆ ಹೀಗೆ ವಿಮಾನದಿಂದ ದಾಳಿ ಮಾಡಿದ್ದು ಅದೊಂದೇ ಸಲ. 1967ರ ಆರಂಭದಲ್ಲಿ ಹಳ್ಳಿಗಳನ್ನು ಒಟ್ಟುಗೂಡಿಸುವ ಯೋಜನೆ ಶುರುವಾಯಿತು. ಬ್ರಿಟಿಷರು 1950ರಲ್ಲಿ ಮಲಯಾದಲ್ಲಿ ಕಮ್ಯುನಿಸ್ಟ್ ಬಂಡಾಯದ ವಿರುದ್ಧ ಮಾಡಿದ್ದ ಪುನರ್ವಸತಿಯೇ ಇದಕ್ಕೆ ಮೇಲ್ಪಂಕ್ತಿ. ಮಾಡಿದ್ದು ಹೀಗೆ: ಸೇನೆ ಬೆಳಗಿನ ಜಾವ ಹಳ್ಳಿ ಸುತ್ತುವರಿಯುತ್ತದೆ. ಹೊರಲು ಸಾಧ್ಯವಾದಷ್ಟನ್ನು ಹೊತ್ತುಕೊಂಡು ಹೊರಡಿ ಎನ್ನುತ್ತದೆ. ಉಳಿದ ಮನೆ, ಕಣಜ ಬಂಡುಕೋರರಿಗೆ ಸಿಗಬಾರದೆಂದು ಬೆಂಕಿಗೆ. ರಸ್ತೆ ಬದಿಯಲ್ಲಿ ಬೇಲಿ ಹಾಕಿದ ಕೇಂದ್ರದಲ್ಲಿ ಹಲವು ಹಳ್ಳಿಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಪ್ರತಿಯೊಬ್ಬರಿಗೂ ಗುರುತಿನ ಚೀಟಿ, ಹೊರಗೆ ಹೋಗಲು ಪಾಸು, ಕತ್ತಲಾದ ಮೇಲೆ ಕರ್ಫ್ಯೂ. ಹೀಗೆ ಎತ್ತಿದ ಹಳ್ಳಿಗಳು ಐನೂರಕ್ಕೂ ಹೆಚ್ಚು, ಕೂರಿಸಿದ ಕೇಂದ್ರಗಳು ನೂರರ ಆಸುಪಾಸು.

ಕಾಗದದ ಮೇಲೆ ಯೋಜನೆ ಚೊಕ್ಕವಾಗಿತ್ತು: ಊರಿಲ್ಲದಿದ್ದರೆ ಬಂಡುಕೋರನಿಗೆ ಊಟವಿಲ್ಲ, ಸುದ್ದಿಯಿಲ್ಲ. ಕೆಟ್ಟದ್ದು ಎಲ್ಲಿ? ಅಲ್ಲಿನವರದು ಕುಮರಿ ಬೇಸಾಯ. ಕಾಡು ಕಡಿದು ಸುಟ್ಟು ಬಿತ್ತುವ ಹೊಲ ವರ್ಷ ವರ್ಷ ಜಾಗ ಬದಲಿಸುತ್ತದೆ. ಕೇಂದ್ರದಿಂದ ಹೊಲಕ್ಕೆ ನಡೆದು ಹೋಗಿ ಕತ್ತಲೊಳಗೆ ಮರಳುವಷ್ಟು ದೂರದಲ್ಲಿ ಅಷ್ಟು ಜನಕ್ಕೆ ನೆಲ ಸಾಲುವುದಿಲ್ಲ. ಬೆಳೆ ಬಿತ್ತು, ಕಣಜ ಮೊದಲೇ ಸುಟ್ಟಿತ್ತು, ಜನ ಸರ್ಕಾರದ ಪಡಿತರಕ್ಕೆ ಕೈಯೊಡ್ಡಿದರು. ಬಂಡುಕೋರನಿಗೆ ಅನ್ನ ತಪ್ಪಿಸಲು ಹೋಗಿ ಊರಿನ ಅನ್ನವನ್ನೇ ತಪ್ಪಿಸಿದರು. ಸೇನೆಯ ಲೆಕ್ಕದಲ್ಲಿ ಬಂಡಾಯದ ಬಲ ಕುಗ್ಗಿತು, ನಿಜ. ಮನಸ್ಸಿನ ಲೆಕ್ಕ ಬೇರೆ. ಆ ಕಾಲ ಕಂಡ ಮನೆಗಳಲ್ಲಿ ಅದರ ಮಾತು ಇನ್ನೂ ಹೋಗಿಲ್ಲ.

ಜನರನ್ನೇ ಎತ್ತಿ ಬೇರೆಡೆ ಕೂರಿಸುವ ಈ ಉಪಾಯ ದುರ್ಗದವರಿಗೆ ಹೊಸದಲ್ಲ. 1779ರಲ್ಲಿ ಕೋಟೆ ಹಿಡಿದ ಹೈದರಾಲಿ ಮದಕರಿ ನಾಯಕನನ್ನು ಸೆರೆ ಹಿಡಿದದ್ದಷ್ಟೇ ಅಲ್ಲ, ಇಲ್ಲಿನ ಬೇಡರನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಚೇಲಾ ಎಂಬ ಸೆರೆಯಾಳು ಹುಡುಗರ ಪಡೆಗೆ ಸೇರಿಸಿಕೊಂಡದ್ದು ಗೆಜೆಟಿಯರ್‌ನಲ್ಲೇ ಇದೆ. ಇರಲಿ, ಮಿಜೋರಾಂಗೆ ಮರಳೋಣ.

1972ರಲ್ಲಿ ಅದು ಕೇಂದ್ರಾಡಳಿತ ಪ್ರದೇಶವಾಯಿತು. ಮಾತುಕತೆ ಹತ್ತು ಸಲ ಮುರಿದು ಹತ್ತು ಸಲ ಕೂಡಿತು. 1986ರ ಜೂನ್ 30ರಂದು ಒಪ್ಪಂದ. ಅದರ ಒಳಗೆ ಏನಿತ್ತು ಎನ್ನುವುದಕ್ಕಿಂತ ಮುಂದಿನ ಎಂಟು ತಿಂಗಳಲ್ಲಿ ಏನಾಯಿತು ನೋಡಿ. ಆಗಸ್ಟ್‌ನಲ್ಲಿ ಕಾಂಗ್ರೆಸ್ಸಿನ ಹಾಲಿ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಕುರ್ಚಿ ಬಿಟ್ಟು ಉಪಮುಖ್ಯಮಂತ್ರಿಯಾದರು. ನಿನ್ನೆಯವರೆಗೆ ಭೂಗತನಾಗಿದ್ದ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ದೆಹಲಿಯಲ್ಲಿ ಆಳುವ ಪಕ್ಷ ತನ್ನದೇ ಮುಖ್ಯಮಂತ್ರಿಯನ್ನು ಕೆಳಗಿಳಿಸಿ ಬಂಡುಕೋರನನ್ನು ಕೂರಿಸುವುದು ಸಣ್ಣ ಮಾತಲ್ಲ. ಸಂವಿಧಾನದ 53ನೇ ತಿದ್ದುಪಡಿಯಿಂದ 371ಜಿ ವಿಧಿ ಬಂತು: ಮಿಜೋ ಜನರ ಧಾರ್ಮಿಕ, ಸಾಮಾಜಿಕ ಆಚಾರ, ರೂಢಿಗತ ಕಾನೂನು, ಭೂಮಿಯ ಒಡೆತನ ಮತ್ತು ವರ್ಗಾವಣೆಗೆ ಸಂಬಂಧಿಸಿದ ಸಂಸತ್ತಿನ ಕಾಯ್ದೆ, ಅಲ್ಲಿನ ವಿಧಾನಸಭೆ ಒಪ್ಪದ ಹೊರತು ಅಲ್ಲಿ ಅನ್ವಯಿಸುವುದಿಲ್ಲ. 1987ರ ಫೆಬ್ರುವರಿಯಲ್ಲಿ ಚುನಾವಣೆ, ಲಾಲ್‌ಡೆಂಗಾ ಪಕ್ಷಕ್ಕೆ 40ರಲ್ಲಿ 24. ಫೆಬ್ರುವರಿ 20ಕ್ಕೆ ಪೂರ್ಣ ರಾಜ್ಯ.

ಒಪ್ಪಂದದ ನಿಜವಾದ ಪರೀಕ್ಷೆ ಇದಾದ ಮೇಲೆ ಬಂತು. 1988ರಲ್ಲಿ ಶಾಸಕರ ಪಕ್ಷಾಂತರದಿಂದ ಆ ಸರ್ಕಾರ ಬಿತ್ತು, 1989ರ ಚುನಾವಣೆಯಲ್ಲಿ ಲಾಲ್‌ಡೆಂಗಾ ಪಕ್ಷ ಸೋತಿತು. ಇಪ್ಪತ್ತು ವರ್ಷ ಬಂದೂಕು ಹಿಡಿದಿದ್ದವರು ಸೋತು ವಿರೋಧ ಪಕ್ಷದಲ್ಲಿ ಕೂತರು, ಕಾಡಿಗೆ ಹೋಗಲಿಲ್ಲ. ಅದೇ ಪಕ್ಷ 1998ರಲ್ಲಿ ಮತ್ತೆ ಗೆದ್ದು ಬಂತು. ಬಂಡಾಯ ಮುಗಿಯಿತು ಎಂದು ಹೇಳಬಹುದಾದದ್ದು ಬಂಡುಕೋರ ಗೆದ್ದ ದಿನ ಅಲ್ಲ, ಸೋತು ಮನೆಗೆ ಹೋದ ದಿನ.

ಇದರ ಪಕ್ಕದಲ್ಲೇ ನಾಗಾಲ್ಯಾಂಡ್ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ 1963ರಲ್ಲೇ ರಾಜ್ಯ ಸಿಕ್ಕಿತು, 371ಎ ವಿಧಿಯೂ ಸಿಕ್ಕಿತು. ಮಿಜೋರಾಂಗಿಂತ ಒಂದು ಹಿಡಿ ಹೆಚ್ಚೇ: 371ಎಯಲ್ಲಿ ಭೂಮಿ ಮಾತ್ರವಲ್ಲ, ಅದರ ಸಂಪನ್ಮೂಲಗಳೂ ಸೇರಿವೆ. ನೆಲದಡಿಯ ತೈಲ ಯಾರದು ಎಂಬ ಜಗಳ ನಾಗಾಲ್ಯಾಂಡಿನಲ್ಲಿ ಎದ್ದದ್ದು ಈ ಕಾರಣಕ್ಕೆ. ಇಷ್ಟು ಕೊಟ್ಟರೂ ಬಂಡಾಯ ನಿಲ್ಲಲಿಲ್ಲ, ಏಕೆಂದರೆ ಪಡೆದವರು ಒಬ್ಬರು, ಬಂದೂಕು ಹಿಡಿದವರು ಇನ್ನೊಬ್ಬರು. 1975ರ ಶಿಲ್ಲಾಂಗ್ ಒಪ್ಪಂದದಲ್ಲೂ ಇದೇ ಆಯಿತು. ತುರ್ತುಪರಿಸ್ಥಿತಿಯ ಕಾಲ, ಭೂಗತ ಸಂಘಟನೆಗಳ ಕೆಲವು ಪ್ರತಿನಿಧಿಗಳು ಸಹಿ ಹಾಕಿದರು. ನಾಯಕ ಫಿಜೋ ಲಂಡನ್ನಿನಲ್ಲಿದ್ದರು, ಅವರ ಸಹಿ ಇಲ್ಲ. ಗಡಿಯಾಚೆ ಪಡೆ ಕಟ್ಟಿಕೊಂಡಿದ್ದ ಮುಯಿವಾ, ಐಸಾಕ್ ಸ್ವು ಅದನ್ನು ದ್ರೋಹ ಎಂದರು. 1980ರಲ್ಲಿ ಎನ್‌ಎಸ್‌ಸಿಎನ್ ಎಂಬ ಹೊಸ ಬಂಡಾಯ ಸಂಘಟನೆ ಹುಟ್ಟಿತು, ಮೊದಲಿನದಕ್ಕಿಂತ ಬಿರುಸಾಗಿ. ಸುಲಭಕ್ಕೆ ಸಿಕ್ಕವರ ಕೈಲಿ ಸಹಿ ಹಾಕಿಸಿಕೊಳ್ಳುವ ಆಸೆ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಹಾಗೆ ಸಹಿ ಮಾಡಿಸಿದರೆ ಆ ಮೆದುಮಂದಿಯೂ ಕೈಬಿಡುತ್ತಾರೆ, ಬಿರುಸಿನವರಿಗೆ ಹೊಸ ಕಾರಣವೂ ಸಿಗುತ್ತದೆ.

ಪಂಜಾಬಿನಲ್ಲಿ ತಪ್ಪು ಬೇರೆ. 1985ರ ಜುಲೈ 24ರಂದು ರಾಜೀವ್ ಗಾಂಧಿ ಸಹಿ ಹಾಕಿದ್ದು ಸರಿಯಾದ ಮನುಷ್ಯನ ಜೊತೆಗೇ: ಅಕಾಲಿ ದಳದ ಹರಚಂದ್ ಸಿಂಗ್ ಲೋಂಗೊವಾಲ್. ಒಂದು ತಿಂಗಳೊಳಗೆ, ಆಗಸ್ಟ್ 20ರಂದು, ಉಗ್ರರು ಅವರನ್ನು ಕೊಂದರು. ಆದರೂ ಸೆಪ್ಟೆಂಬರ್ ಚುನಾವಣೆಯಲ್ಲಿ ಜನ ಅಕಾಲಿಗಳನ್ನೇ ಗೆಲ್ಲಿಸಿದರು. ಒಪ್ಪಂದಕ್ಕೆ ಜನರೇ ಮುದ್ರೆ ಒತ್ತಿದಂತಾಯಿತು. 1986ರ ಜನವರಿ 26ಕ್ಕೆ ಚಂಡೀಗಢ ಪಂಜಾಬಿಗೆ ಸೇರಬೇಕಿತ್ತು, ಅದಕ್ಕೆ ಬದಲಾಗಿ ಹರಿಯಾಣಕ್ಕೆ ಹಿಂದಿ ಮಾತಾಡುವ ಹಳ್ಳಿಗಳನ್ನು ಕೊಡಬೇಕಿತ್ತು. ಯಾವ ಹಳ್ಳಿ ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ, ಆಯೋಗ ತೀರ್ಮಾನಿಸುತ್ತದೆ ಎಂದು ಬಿಟ್ಟಿದ್ದರು. ಮ್ಯಾಥ್ಯೂ ಆಯೋಗ ನೋಡಿತು. ಅಬೋಹರ್, ಫಾಜಿಲ್ಕಾ ಕಡೆಯ ಹಳ್ಳಿಗಳು ಹರಿಯಾಣಕ್ಕೆ ಅಂಟಿಕೊಂಡಂತೆ ಇರಬೇಕಾದರೆ ನಡುವೆ ಕಂದೂಖೇಡಾ ಎಂಬ ಒಂದು ಹಳ್ಳಿ ಹಿಂದಿಯದಾಗಬೇಕು. ಮನೆಮನೆಗೆ ಹೋಗಿ ನೀವು ಯಾವ ಮಾತು ಆಡುತ್ತೀರಿ ಎಂದು ಗಣತಿ ಮಾಡಿದರು. ಹಳ್ಳಿ ಪಂಜಾಬಿ ಎಂದಿತು. ಅಲ್ಲಿಗೆ ಲೆಕ್ಕ ಕೆಟ್ಟಿತು, ಜನವರಿ 26 ಬಂದು ಹೋಯಿತು. ಮುಂದೆ ನಮ್ಮ ಕನ್ನಡಿಗ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಅವರ ಆಯೋಗ ಬಂತು, 70 ಸಾವಿರ ಎಕರೆ ಕೊಡಬೇಕು ಎಂದಿತು, ಆದರೆ ಎಲ್ಲಿನ ಎಕರೆ ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಜನವರಿ 26 ಬಂದು ಹೋಯಿತು. ಒಪ್ಪಂದವನ್ನೇ ನೆಚ್ಚಿ ಮುಖ್ಯಮಂತ್ರಿಯಾದ ಬರ್ನಾಲಾ ಅವರಿಗೆ ಜನರ ಮುಂದೆ ತೋರಿಸಲು ಏನೂ ಉಳಿಯಲಿಲ್ಲ, 1987ರ ಮೇ ತಿಂಗಳಲ್ಲಿ ಕೇಂದ್ರವೇ ಅವರ ಸರ್ಕಾರವನ್ನು ವಜಾ ಮಾಡಿತು. ಪಂಜಾಬಿನಲ್ಲಿ ಮುಂದಿನ ಐದಾರು ವರ್ಷ ಹೇಗಿದ್ದವು ಎಂಬುದು ನಿಮಗೆ ಗೊತ್ತು. ಕಷ್ಟದ ಕಲಮನ್ನು ಸಹಿಯ ನಂತರಕ್ಕೆ ತಳ್ಳಿದರೆ ಆಗುವುದು ಇದೇ.

ಹಾಗಾದರೆ ಚೆನ್ನಾಗಿ ಬರೆದ ಒಪ್ಪಂದ ಹೇಗಿರುತ್ತದೆ? ಇಂಡೊನೇಷ್ಯಾದ ‘ಆಚೆ’ (Aceh) ಎಂಬ ಹೆಸರಿನ ಪ್ರಾಂತ್ಯದ್ದು ನೋಡಿ. ಸ್ವತಂತ್ರ ಆಚೆ ಚಳವಳಿ 1976ರಲ್ಲಿ ಶುರು. 2002ರ ಕದನವಿರಾಮ ಐದಾರು ತಿಂಗಳಲ್ಲಿ ಮುರಿದು, 2003ರಲ್ಲಿ ಅಲ್ಲಿ ಸೇನಾಡಳಿತ ಬಂತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ಒಂದು ಪ್ರಾಂತ್ಯದಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಸುನಾಮಿಯೇ ಶಾಂತಿ ತಂದಿತು ಎನ್ನುವ ಮಾತು ಅರ್ಧ ಸತ್ಯ. ಅದೇ ಸುನಾಮಿ ಶ್ರೀಲಂಕಾಗೂ ಬಡಿಯಿತು, ಅಲ್ಲಿ ಯುದ್ಧ ಹೆಚ್ಚಿತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ, ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ಮಧ್ಯಸ್ಥಿಕೆಯಲ್ಲಿ ಸಹಿಯಾಯಿತು.

ಕಲಮುಗಳು ಎಷ್ಟು ಬಿಗಿ ನೋಡಿ. ಬಂಡುಕೋರರು 840 ಬಂದೂಕು ಒಪ್ಪಿಸಬೇಕು, ಸೆಪ್ಟೆಂಬರ್ 15ಕ್ಕೆ ಶುರುವಾಗಿ ನಾಲ್ಕು ಕಂತಿನಲ್ಲಿ, ಡಿಸೆಂಬರ್ 31ರೊಳಗೆ. ಅವರು ಒಂದು ಕಂತು ಒಪ್ಪಿಸಿದಂತೆ ಹೊರಗಿನಿಂದ ಬಂದ ಸೇನೆಯ ಒಂದು ಕಂತು ಹಿಂದಕ್ಕೆ. ಕೊನೆಗೆ ಉಳಿಯಬಹುದಾದದ್ದು 14,700 ಸೈನಿಕರು, 9,100 ಪೊಲೀಸರು. ಸೆರೆಯಾಳುಗಳಿಗೆ ಹದಿನೈದು ದಿನದೊಳಗೆ ಕ್ಷಮಾದಾನ. ತೈಲ ಮತ್ತು ಅನಿಲದ ಆದಾಯದಲ್ಲಿ ನೂರಕ್ಕೆ 70 ಪಾಲು ಪ್ರಾಂತ್ಯಕ್ಕೆ. ಇದೆಲ್ಲ ಆಗುತ್ತಿದೆಯೇ ಎಂದು ನೋಡಲು ಐರೋಪ್ಯ ಒಕ್ಕೂಟ ಮತ್ತು ಆಸಿಯಾನ್ ದೇಶಗಳ ವೀಕ್ಷಕರು. ಬಂದೂಕು ಸಂಖ್ಯೆ ಬರೆದಿರುವುದರಿಂದ ‘ಇನ್ನೂ ಬಚ್ಚಿಟ್ಟಿದ್ದಾರೆ’ ಎಂಬ ಜಗಳಕ್ಕೆ ಕೊನೆಯಿದೆ. ನೀನು ಮೊದಲು, ನಾನು ಆಮೇಲೆ ಎಂಬ ಹಗ್ಗಜಗ್ಗಾಟಕ್ಕೂ ಎಡೆಯಿಲ್ಲ.

ಆದರೆ ಮಾತುಕತೆ ಮುರಿಯುವ ಹಂತಕ್ಕೆ ಹೋದದ್ದು ಇದ್ಯಾವುದಕ್ಕೂ ಅಲ್ಲ, ಸ್ಥಳೀಯ ಪಕ್ಷದ ವಿಷಯಕ್ಕೆ. ಇಂಡೊನೇಷ್ಯಾದ ಕಾನೂನಿನ ಪ್ರಕಾರ ಯಾವ ರಾಜಕೀಯ ಪಕ್ಷಕ್ಕೂ ದೇಶದ ಅರ್ಧದಷ್ಟು ಪ್ರಾಂತ್ಯಗಳಲ್ಲಾದರೂ ಶಾಖೆ ಇರಬೇಕಿತ್ತು. ಅಂದರೆ ಆಚೆಯ ಜನರದ್ದೇ ಆದ ಪಕ್ಷ ಹುಟ್ಟುವಂತೆಯೇ ಇಲ್ಲ. ಕೊನೆಗೆ ಜಕಾರ್ತಾ ಮಣಿಯಿತು. 2006ರ ಡಿಸೆಂಬರ್‌ನಲ್ಲಿ ಬಂಡಾಯದ ಹಳೆಯ ಆಳು ಇರ್ವಾಂಡಿ ಯೂಸುಫ್ ಗವರ್ನರ್ ಚುನಾವಣೆ ಗೆದ್ದರು.

ನೆರೆಹೊರೆಯವರನ್ನು ಮರೆಯುವುದು ಇನ್ನೊಂದು ದೊಡ್ಡ ಎಡವಟ್ಟು. ನಾಗಾ ಬಂಡುಕೋರರೊಂದಿಗೆ 1997ರಿಂದ ಕದನವಿರಾಮ ಇತ್ತು. 2001ರ ಜೂನ್‌ನಲ್ಲಿ ಅದನ್ನು ವಿಸ್ತರಿಸುವಾಗ ‘ಪ್ರಾದೇಶಿಕ ಮಿತಿಯಿಲ್ಲದೆ’ ಎಂದು ಸೇರಿಸಿದರು. ಮಣಿಪುರದವರು ಅದನ್ನು ತಮ್ಮ ರಾಜ್ಯದ ಗುಡ್ಡಗಳನ್ನು ನಾಗಾಲ್ಯಾಂಡಿಗೆ ಬಿಟ್ಟುಕೊಡುವ ಪೀಠಿಕೆ ಎಂದು ಓದಿದರು. ಜೂನ್ 18ರಂದು ಇಂಫಾಲದಲ್ಲಿ ವಿಧಾನಸಭೆಗೆ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ 18 ಜನ ಸತ್ತರು. ಜುಲೈನಲ್ಲಿ ಆ ಮಾತನ್ನು ತೆಗೆದರು.

ಒಬ್ಬರಿಗೆ ಕೊಟ್ಟರೆ ಪಕ್ಕದವರು ಕೇಳುತ್ತಾರೆ ಎನ್ನುವುದಕ್ಕೆ ಇಂಫಾಲದವರೆಗೆ ಹೋಗಬೇಕಿಲ್ಲ, ಹರಪನಹಳ್ಳಿವರೆಗೆ ಹೋದರೆ ಸಾಕು. ಅಲ್ಲಿನದು ಬೇರೆ ದೇಶದ ಮಾತಲ್ಲ, ಆದರೆ ಒಳಗಿನ ಯಂತ್ರ ಅದೇ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಿದರು. ಹತ್ತಿರದ ಊರು, ಅನುಕೂಲವೇ ಆಯಿತು. 98ನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ 371ಜೆ ಬಂತು, ಬಳ್ಳಾರಿ ಅದರೊಳಗೆ. ಆ ಭಾಗದ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ನೂರಕ್ಕೆ 75ರಿಂದ 85 ಪಾಲು ಸ್ಥಳೀಯರಿಗೆ. ಬಳ್ಳಾರಿಯಲ್ಲೇ ಉಳಿದಿದ್ದರೆ ತಮಗೂ ಸಿಗುತ್ತಿತ್ತಲ್ಲ ಎಂದು ಹರಪನಹಳ್ಳಿಯವರು ಹೋರಾಟಕ್ಕಿಳಿದು, 2018ರಲ್ಲಿ ಬಳ್ಳಾರಿಗೆ ಮರಳಿ ಸೇರಿ ಆ ಸೌಲಭ್ಯ ಪಡೆದರು. ಈಗ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿದೆ. ವಿಶೇಷ ಸ್ಥಾನಮಾನದ ಗೆರೆ ಎಲ್ಲಿ ಎಳೆದರೂ ಗೆರೆಯ ಆಚೆ ಒಂದು ಹರಪನಹಳ್ಳಿ ಇದ್ದೇ ಇರುತ್ತದೆ. ಸ್ಪೇನ್ ಇದಕ್ಕೆ ಹೆದರಿ 1978ರ ಸಂವಿಧಾನದ ನಂತರ ಎಲ್ಲ ಪ್ರಾಂತ್ಯಗಳಿಗೂ ಸ್ವಾಯತ್ತತೆ ಹಂಚಿತು. ಅಲ್ಲಿನವರು ಅದನ್ನು ‘ಎಲ್ಲರಿಗೂ ಕಾಫಿ’ ಎಂದು ಕರೆದರು. ಎಲ್ಲರಿಗೂ ಕಾಫಿ ಸಿಕ್ಕ ಮೇಲೆ ತಮ್ಮ ಲೋಟದಲ್ಲಿ ವಿಶೇಷವೇನು ಎಂಬುದು ಅಲ್ಲಿನ ಕ್ಯಾಟಲೋನಿಯಾ ಪ್ರಾಂತ್ಯದವರ ಪ್ರಶ್ನೆ.

ಕ್ಯಾಟಲೋನಿಯಾ ಬಂದಿದ್ದರಿಂದ ಮತದಾನದ ವಿಷಯಕ್ಕೆ ಹೋಗೋಣ. 2006ರಲ್ಲಿ ಅವರಿಗೆ ಹೊಸ ಸ್ವಾಯತ್ತತಾ ಕಾಯ್ದೆ ಸಿಕ್ಕಿತು. ಮ್ಯಾಡ್ರಿಡ್ ಸಂಸತ್ತು ಒಪ್ಪಿತು, ಕ್ಯಾಟಲನ್ನರು ಜನಮತದಲ್ಲಿ ಒಪ್ಪಿದರು. ವಿರೋಧ ಪಕ್ಷ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ನಾಲ್ಕು ವರ್ಷ ತೆಗೆದುಕೊಂಡು 2010ರ ಜೂನ್‌ನಲ್ಲಿ 14 ವಿಧಿಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಹೊಡೆದುಹಾಕಿತು. ಜನ ಮತ ಹಾಕಿ ಪಡೆದದ್ದನ್ನು ಆಮೇಲೆ ನ್ಯಾಯಾಲಯ ಕಿತ್ತುಕೊಂಡರೆ ಹೇಗನಿಸುತ್ತದೆ? ಪ್ರತ್ಯೇಕತೆಯ ಬೆಂಬಲ ಏರತೊಡಗಿದ್ದು ಅಲ್ಲಿಂದ. 2017ರ ಅಕ್ಟೋಬರ್ 1ರಂದು ನ್ಯಾಯಾಲಯ ತಡೆದಿದ್ದರೂ ಜನಮತ ನಡೆಸಿದರು, ಮತಗಟ್ಟೆಗಳಿಗೆ ಪೊಲೀಸರು ನುಗ್ಗಿದರು. ಮತದಾನ ಶೇ 43, ಅದರಲ್ಲಿ ಶೇ 90 ಪ್ರತ್ಯೇಕತೆಗೆ. ಬೇಡ ಎನ್ನುವವರು ಮನೆಯಲ್ಲೇ ಉಳಿದಿದ್ದರು. ಅಕ್ಟೋಬರ್ 27ರಂದು ಸ್ವಾತಂತ್ರ್ಯ ಘೋಷಣೆ, ಅದೇ ದಿನ 155ನೇ ವಿಧಿಯಡಿ ಪ್ರಾಂತೀಯ ಸರ್ಕಾರ ವಜಾ. 2019ರಲ್ಲಿ ಒಂಬತ್ತು ನಾಯಕರಿಗೆ 9ರಿಂದ 13 ವರ್ಷ ಜೈಲು. ಇಷ್ಟಾದರೂ 2017ರ ಡಿಸೆಂಬರ್ ಚುನಾವಣೆಯಲ್ಲೂ 2021ರ ಚುನಾವಣೆಯಲ್ಲೂ ಅವರ ಪಕ್ಷಗಳಿಗೇ ಬಹುಮತ. 2021ರ ಜೂನ್‌ನಲ್ಲಿ ಮ್ಯಾಡ್ರಿಡ್ ಕ್ಷಮಾದಾನ ಕೊಟ್ಟಿತು, ದೇಶದ ಉದ್ದಗಲಕ್ಕೂ ಬೈಗುಳ ತಿಂದಿತು. 2024ರ ಮೇ ಚುನಾವಣೆಯಲ್ಲಿ ಪ್ರತ್ಯೇಕತಾವಾದಿ ಪಕ್ಷಗಳು ಬಹುಮತ ಕಳೆದುಕೊಂಡವು. ಕ್ಷಮಾದಾನ ಒಂದರಿಂದಲೇ ಹೀಗಾಯಿತು ಎನ್ನಲಾರೆ, ಅವರ ಒಳಜಗಳವೂ ಸಾಕಷ್ಟಿತ್ತು. ಆದರೆ ಜೈಲಿನಲ್ಲಿರುವ ನಾಯಕನಿಗಿಂತ ಹೊರಗೆ ಬಂದು ತಮ್ಮತಮ್ಮಲ್ಲೇ ಕಿತ್ತಾಡುವ ನಾಯಕ ಕೇಂದ್ರಕ್ಕೆ ಕಡಿಮೆ ತಲೆನೋವು.

ಕೆನಡಾದ ದಾರಿ ಬೇರೆ. ಅಲ್ಲಿನ ಕ್ವಿಬೆಕ್ ಪ್ರಾಂತ್ಯ ಬೇರೆಯಾಗಬೇಕೇ ಎಂದು 1995ರ ಅಕ್ಟೋಬರ್ 30ರಂದು ನಡೆದ ಜನಮತದಲ್ಲಿ ಶೇ 93ಕ್ಕೂ ಹೆಚ್ಚು ಮತದಾನ. ಬೇಡ ಎಂದವರು ಶೇ 50.58. ಅಂತರ 54,288 ಮತ. ಕೂದಲೆಳೆಯಲ್ಲಿ ದೇಶ ಉಳಿಯಿತು. ಆ ಮತಪತ್ರದ ಪ್ರಶ್ನೆ ಉದ್ದವಾಗಿತ್ತು, ಪಾಲುದಾರಿಕೆಯ ಪ್ರಸ್ತಾಪ, ಒಂದು ಮಸೂದೆ, ಒಂದು ಒಪ್ಪಂದ ಎಲ್ಲ ಅದರೊಳಗೆ. ಹೌದು ಎಂದವರಲ್ಲಿ ಹಲವರು ಕೆನಡಾದೊಳಗೇ ಹೊಸ ವ್ಯವಸ್ಥೆ ಎಂದು ತಿಳಿದಿದ್ದರು ಎಂಬ ವಾದ ಎದ್ದಿತು. ಕೇಂದ್ರ ಸರ್ಕಾರ ತಾನೇ ಸುಪ್ರೀಂ ಕೋರ್ಟಿಗೆ ಪ್ರಶ್ನೆ ಕಳಿಸಿತು. 1998ರ ಉತ್ತರ ಎರಡೂ ಕಡೆಗೆ ತೂಗಿತು: ಏಕಪಕ್ಷೀಯವಾಗಿ ಹೊರಹೋಗುವ ಹಕ್ಕು ಇಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರುವುದು ಉಳಿದವರ ಕರ್ತವ್ಯ. 2000ದ ಸ್ಪಷ್ಟತಾ ಕಾಯ್ದೆ ಇದನ್ನೇ ಕಾನೂನು ಮಾಡಿತು. ಎಷ್ಟು ಶೇಕಡಾ ಎಂದು ಮಾತ್ರ ಬರೆಯಲಿಲ್ಲ, ಬೇಕೆಂದೇ. ಸ್ಕಾಟ್ಲೆಂಡಿನಲ್ಲಿ 2014ಕ್ಕೆ ಪ್ರಶ್ನೆ ಸರಳ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಮೊದಲ ಕರಡಿನಲ್ಲಿ ‘ಒಪ್ಪುತ್ತೀರಾ’ ಎಂದಿತ್ತು. ಒಪ್ಪುತ್ತೀರಾ ಎಂದು ಕೇಳಿದರೆ ಹೌದು ಎನ್ನುವ ಕಡೆಗೇ ಮನಸ್ಸು ವಾಲುತ್ತದೆ ಎಂದು ಚುನಾವಣಾ ಆಯೋಗ ತೆಗೆಸಿತು. ಬೇಡ ಎಂದವರು ಶೇ 55.3.

ಹಣ, ಇಂಧನ, ದಾರಿ ತಡೆದು ಮಣಿಸುವ ಯತ್ನಗಳನ್ನು ಬೇಗ ಹೇಳಿಬಿಡುತ್ತೇನೆ. 1990ರ ಏಪ್ರಿಲ್‌ನಲ್ಲಿ ಮಾಸ್ಕೊ, ಸೋವಿಯತ್ ಒಕ್ಕೂಟ ಬಿಡಲು ಹೊರಟಿದ್ದ ಲಿಥುವೇನಿಯಾಕ್ಕೆ ತೈಲ ನಿಲ್ಲಿಸಿತು, ಎರಡು ತಿಂಗಳು ತಡೆದು ಬಿಟ್ಟಿತು. ಮರುವರ್ಷ ಲಿಥುವೇನಿಯಾ ಹೋಗಿಯೇ ಹೋಯಿತು. 2017ರಲ್ಲಿ ಇರಾಕಿನ ಕುರ್ದಿಸ್ತಾನ ಶೇ 92ಕ್ಕೂ ಹೆಚ್ಚು ಮತದಿಂದ ಸ್ವಾತಂತ್ರ್ಯ ಬೇಕೆಂದಿತು. ಬಾಗ್ದಾದ್ ನಾಲ್ಕೇ ದಿನದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ಲಿಸಿತು, ಮೂರು ವಾರದಲ್ಲಿ ಕಿರ್ಕುಕ್‌ನ ತೈಲ ಬಾವಿಗಳನ್ನು ಹಿಡಿಯಿತು. ನೆರೆಯ ಟರ್ಕಿ, ಇರಾನ್ ಎರಡೂ ಬಾಗ್ದಾದ್ ಕಡೆ ಇದ್ದದ್ದರಿಂದ ಕುರ್ದರಿಗೆ ದಾರಿ ಇರಲಿಲ್ಲ. ನೈಜೀರಿಯಾದಲ್ಲಿ 1967ರ ಮೇ 27ರಂದು ನಾಲ್ಕು ಪ್ರಾಂತ್ಯಗಳನ್ನು ಒಡೆದು 12 ರಾಜ್ಯ ಮಾಡಿದರು, ಪೂರ್ವ ಪ್ರಾಂತ್ಯ ಮೂರು ಹೋಳಾಯಿತು. ತೈಲವಿದ್ದ ಕರಾವಳಿ ಬಂಡಾಯದ ಇಗ್ಬೊ ನಾಡಿನಿಂದ ಬೇರೆಯಾಯಿತು. ಮೂರನೇ ದಿನ ಆ ಪೂರ್ವ ಪ್ರಾಂತ್ಯ ಬಯಾಫ್ರಾ ಎಂಬ ಹೆಸರಿನಲ್ಲಿ ಸ್ವಾತಂತ್ರ್ಯ ಘೋಷಿಸಿತು. ಆಮೇಲಿನ ದಿಗ್ಬಂಧನದಲ್ಲಿ ಹಸಿವಿನಿಂದ ಸತ್ತ ಮಕ್ಕಳ ಚಿತ್ರಗಳನ್ನು ಜಗತ್ತೆಲ್ಲ ನೋಡಿತು.

ಕೊನೆಗೆ ಸಭಿಕರೊಬ್ಬರ ಪ್ರಶ್ನೆ: ಶ್ರೀಲಂಕಾ 2009ರಲ್ಲಿ ಬಲದಿಂದಲೇ ಮುಗಿಸಿತಲ್ಲ, ಒಪ್ಪಂದ ಯಾಕೆ ಬೇಕು?

ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಮುಗಿಯಿತು, ಅದು ನಿಜ. ಆದರೆ ಆ ಸಂಘಟನೆ ಹುಟ್ಟುವ ಮೊದಲಿನ ಕಡತ ತೆಗೆದು ನೋಡಿ. 1956ರಲ್ಲಿ ಸಿಂಹಳ ಮಾತ್ರ ಆಡಳಿತ ಭಾಷೆ ಎಂಬ ಕಾಯ್ದೆ. 1957ರ ಜುಲೈನಲ್ಲಿ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಗಂ ಜೊತೆ ಒಪ್ಪಂದ ಮಾಡಿಕೊಂಡರು: ಪ್ರಾದೇಶಿಕ ಮಂಡಳಿಗಳು, ತಮಿಳಿಗೆ ಒಂದಿಷ್ಟು ಸ್ಥಾನ. ಬೇರೆ ದೇಶದ ಮಾತೇ ಆಗ ಇರಲಿಲ್ಲ. 1958ರ ಏಪ್ರಿಲ್‌ನಲ್ಲಿ ಭಿಕ್ಕುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು, ಅದೇ ದಿನ ಅವರು ಒಪ್ಪಂದ ರದ್ದು ಮಾಡಿದರು. 1965ರಲ್ಲಿ ಇನ್ನೊಂದು ಸರ್ಕಾರ, ಇನ್ನೊಂದು ಒಪ್ಪಂದ, ಅದೂ ಜಾರಿಯಾಗಲಿಲ್ಲ. ಎರಡು ಸಲ ಸಹಿ ಹಾಕಿ ಎರಡು ಸಲ ಬರಿಗೈಯಲ್ಲಿ ಮರಳಿದ ಅದೇ ಚೆಲ್ವನಾಯಗಂ 1976ರಲ್ಲಿ ವಟ್ಟುಕೋಟೈ ಸಮಾವೇಶದಲ್ಲಿ ಪ್ರತ್ಯೇಕ ದೇಶದ ನಿರ್ಣಯ ಮಾಡಿದರು. ಮರುವರ್ಷ ತೀರಿಕೊಂಡರು. ಅವರ ಹಿಂದೆ ನಿಂತಿದ್ದ ಹುಡುಗರ ಕೈಗೆ ಬಂದೂಕು ಬಂದಿತ್ತು.

1987ರ 13ನೇ ತಿದ್ದುಪಡಿ ಪ್ರಾಂತೀಯ ಮಂಡಳಿಗಳಿಗೆ ಪೊಲೀಸ್ ಮತ್ತು ಭೂಮಿಯ ಅಧಿಕಾರ ಕೊಡುತ್ತದೆ ಎಂದು ಬರೆದಿದೆ, ಕೊಲಂಬೊ ಅವನ್ನು ಕೈಬಿಟ್ಟುಕೊಡಲಿಲ್ಲ. ಯುದ್ಧ ಮುಗಿದು ನಾಲ್ಕು ವರ್ಷದ ಮೇಲೆ, 2013ರ ಸೆಪ್ಟೆಂಬರ್‌ನಲ್ಲಿ, ಉತ್ತರ ಪ್ರಾಂತ್ಯಕ್ಕೆ ಚುನಾವಣೆ ನಡೆಯಿತು. ತಮಿಳು ಮೈತ್ರಿಕೂಟ 38ರಲ್ಲಿ 30 ಗೆದ್ದಿತು. ಬಂದೂಕಿಲ್ಲದ, ಮತದಿಂದ ಬಂದ, ಮಾತಾಡಲು ಸಿದ್ಧವಿದ್ದ ಮಂಡಳಿ ಅದು. 2018ರ ಅಕ್ಟೋಬರ್‌ನಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ಚುನಾವಣಾ ಪದ್ಧತಿ, ಕ್ಷೇತ್ರ ವಿಂಗಡಣೆ ಎಂದು ಹೇಳುತ್ತ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ, ಪ್ರಾಂತ್ಯವನ್ನು ಕೊಲಂಬೊ ನೇಮಿಸಿದ ಗವರ್ನರ್ ಆಳುತ್ತ ಬಂದರು.